ಆರು ಜನ ಅಕ್ಕತಂಗಿಯರು

ಹಡಗುಗಳಿಗೂ ಅಕ್ಕತಂಗಿಯರು ಇರ್ತಾರೆ. ಒಂದೇ ನಕ್ಷೆ ಇಟ್ಟುಕೊಂಡು ನಾಲ್ಕೋ ಆರೋ ಹಡಗು ಕಟ್ಟಿದರೆ ಅವು ಸಿಸ್ಟರ್ ಶಿಪ್‌ಗಳು. ಎಲ್ಲ ಸೇರಿ ಒಂದು ಕ್ಲಾಸ್. ಅವರಲ್ಲಿ ಒಬ್ಬಳ ಹೆಸರೇ ಇಡೀ ಮನೆತನದ ಹೆಸರಾಗುತ್ತದೆ. ನಾನೀಗ ಹೇಳಹೊರಟಿರೋದು ಕ್ರೆಸ್ಸಿ ಅನ್ನೋ ಮನೆತನದ ಆರು ಜನರ ಕಥೆ. ವಿಕ್ಟೋರಿಯಾ ರಾಣಿಯ ಕೊನೆಯ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆ ಕಟ್ಟಿಸಿದ ಕ್ರೂಸರ್‌ಗಳು ಇವು. ಕ್ರೆಸ್ಸಿ, ಸಟ್ಲೆಜ್, ಅಬುಕೀರ್, ಹೋಗ್, ಬಕ್ಕಾಂಟಿ, ಯೂರಿಯಾಲಸ್. ಈ ಆರರಲ್ಲಿ ಮೂವರು ಒಂದೇ ದಿನ ಬೆಳಿಗ್ಗೆ, ನಾವು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟೋಕೆ ತಗೊಳ್ಳೋವಷ್ಟು ಹೊತ್ತಲ್ಲಿ, ಸಮುದ್ರದ ತಳ ಸೇರಿದರು.

ಹತ್ತಿರದ ಸಮುದ್ರ ನೋಡಬೇಕು ಅಂದ್ರೂ ಒಂದು ರಾತ್ರಿ ಬಸ್ಸಲ್ಲಿ ಕೂರಬೇಕಾದ ಊರಲ್ಲಿದ್ದುಕೊಂಡು ನಿನಗ್ಯಾಕಪ್ಪಾ ಈ ಹಡಗಿನ ಹುಚ್ಚು ಅಂತ ಗೆಳೆಯರು ಆಡಿಕೊಳ್ತಾರೆ. ಯುದ್ಧ, ಫಿರಂಗಿ, ಪದಕ ಇವು ಯಾವುದರ ಮೇಲೂ ನನಗೆ ಅಂಥ ಮೋಹ ಇಲ್ಲ. ನನ್ನ ಹೊಟ್ಟೆಪಾಡು ಹಳೆಯ ಸಾಫ್ಟ್‌ವೇರ್‌ಗಳ ಉಸ್ತುವಾರಿ. ಯಾರೋ ಯಾವತ್ತೋ ಬಹಳ ಬುದ್ಧಿ ಖರ್ಚು ಮಾಡಿ ಕಟ್ಟಿದ್ದು, ಈಗ ಯಾರಿಗೂ ಇಷ್ಟವಿಲ್ಲದ್ದು, ಆದರೂ ದಿನಾ ಓಡಲೇಬೇಕಾದ್ದು. ಅಂಥದ್ದರ ನಡುವೆ ಇರೋನಿಗೆ ಈ ಆರು ಹಡಗುಗಳ ಜಾತಕ ಓದಿದಾಗ ಎಲ್ಲೋ ನೋಡಿದ ಹಾಗಿದೆಯಲ್ಲಾ ಅನ್ನಿಸದೇ ಇರೋಕೆ ಸಾಧ್ಯವೇ ಇಲ್ಲ.

ಮೊದಲು ಇವರು ಯಾಕೆ ಹುಟ್ಟಿದರು ಅಂತ ನೋಡೋಣ.

ಬ್ರಿಟನ್ ದ್ವೀಪ. ತಿನ್ನೋ ಗೋಧಿಯಿಂದ ಹಿಡಿದು ಗಿರಣಿಗೆ ಬೇಕಾದ ಹತ್ತಿಯವರೆಗೆ ಎಲ್ಲ ಹಡಗಲ್ಲೇ ಬರಬೇಕು. 1880ರ ದಶಕದಲ್ಲಿ ಫ್ರಾನ್ಸಿನ ನೌಕಾಪಡೆಯ ಒಂದಷ್ಟು ಜನ ಒಂದು ಲೆಕ್ಕಾಚಾರ ಹಾಕಿದರು. ಬ್ರಿಟನ್ನಿನ ದೊಡ್ಡ ಯುದ್ಧನೌಕೆಗಳ ಎದುರು ನಿಂತು ಹೊಡೆದಾಡೋದು ನಮ್ಮಿಂದಾಗಲ್ಲ, ಅದರ ಬದಲು ವೇಗದ ಕ್ರೂಸರ್‌ಗಳನ್ನು ಕಟ್ಟಿ ಅವರ ವ್ಯಾಪಾರಿ ಹಡಗುಗಳನ್ನು ಬೇಟೆಯಾಡೋಣ ಅಂತ. ಫ್ರಾನ್ಸ್ ಅಂಥ ಕ್ರೂಸರ್‌ಗಳನ್ನು ಕಟ್ಟತೊಡಗಿತು, ಅದೂ ಪಕ್ಕೆಗಳಿಗೆ ಉಕ್ಕಿನ ಕವಚ ತೊಡಿಸಿ. ಬ್ರಿಟನ್ನಿಗೆ ನಿದ್ದೆಗೆಟ್ಟಿತು.

ಆಗ ಬ್ರಿಟಿಷ್ ನೌಕಾಪಡೆಯ ಹಡಗುಗಳ ನಕ್ಷೆ ಬರೆಯುತ್ತಿದ್ದವರು ಸರ್ ವಿಲಿಯಂ ವೈಟ್. ಅವರ ಹಿಂದಿನ ಕ್ರೂಸರ್‌ಗಳಿಗೆ ಪಕ್ಕೆಯಲ್ಲಿ ಕವಚ ಇರಲಿಲ್ಲ. ಒಳಗೆ ಎಂಜಿನ್, ಬಾಯ್ಲರ್‌ಗಳ ಮೇಲೆ ಆಮೆಯ ಬೆನ್ನಿನ ಹಾಗೆ ಬಾಗಿದ ಉಕ್ಕಿನ ಹೊದಿಕೆ ಮಾತ್ರ. ಪಕ್ಕೆಗೂ ಕವಚ ಹಾಕಬೇಕು ಅಂದ್ರೆ ಆ ಕಾಲದ ಉಕ್ಕು ತುಂಬಾ ದಪ್ಪ ಇರಬೇಕಿತ್ತು. ಅಷ್ಟು ಭಾರ ಹೊತ್ತ ಹಡಗು ಓಡೋದು ಹೇಗೆ? ಈ ಸಿಕ್ಕು ಬಿಡಿಸಿದ್ದು ಜರ್ಮನಿಯ ಕ್ರುಪ್ ಕಂಪನಿ. 1890ರ ದಶಕದ ನಡುವೆ ಅವರು ಉಕ್ಕಿನ ಮೇಲ್ಮೈಯನ್ನು ಗಟ್ಟಿ ಮಾಡುವ ಹೊಸ ವಿಧಾನ ಕಂಡುಹಿಡಿದರು. ಅದರಿಂದಾಗಿ ಆರು ಇಂಚು ದಪ್ಪದ ತಗಡು ಹಳೆಯ ಕಾಲದ ಬಹಳ ದಪ್ಪದ ತಗಡಿನ ಕೆಲಸ ಮಾಡುವಂತಾಯಿತು.

ವೈಟ್ ಆಗಷ್ಟೇ ಕೈಗೆತ್ತಿಕೊಂಡಿದ್ದ ಡಯಾಡೆಮ್ ಕ್ಲಾಸಿನ ನಕ್ಷೆಯನ್ನು ತಗೊಂಡು, ಅದನ್ನು ಸ್ವಲ್ಪ ಹಿಗ್ಗಿಸಿ, ಪಕ್ಕೆಗೆ ಆರಿಂಚಿನ ಕವಚ ತೊಡಿಸಿ, ಮುಂದೊಂದು ಹಿಂದೊಂದು 9.2 ಇಂಚಿನ ದೊಡ್ಡ ಫಿರಂಗಿ ಕೂರಿಸಿದರು. ಪಕ್ಕಗಳಲ್ಲಿ ಆರಿಂಚಿನವು ಹನ್ನೆರಡು. ಹೀಗೆ ಹುಟ್ಟಿದ್ದೇ ಕ್ರೆಸ್ಸಿ ಕ್ಲಾಸ್. 12,000 ಟನ್ ತೂಕ, 472 ಅಡಿ ಉದ್ದ, ನಾಲ್ಕು ಹೊಗೆ ಕೊಳವೆ, ಮೂವತ್ತು ಬಾಯ್ಲರ್, 21 ನಾಟ್ ವೇಗ. ಅಂದ್ರೆ ಗಂಟೆಗೆ ಸುಮಾರು 39 ಕಿಲೋಮೀಟರ್. ಒಂದೊಂದರಲ್ಲೂ ಏಳುನೂರಕ್ಕೂ ಹೆಚ್ಚು ಜನ. ತಮಾಷೆ ನೋಡಿ, ಫ್ರೆಂಚರ ಭಯಕ್ಕೆ ಕಟ್ಟಿದ ಈ ಹಡಗುಗಳ ಬಾಯ್ಲರ್ ಫ್ರೆಂಚರದ್ದೇ. ಬೆಲ್ವಿಲ್ ಅನ್ನೋ ಮಾದರಿ. ಅದರ ವಿರುದ್ಧ ಪಾರ್ಲಿಮೆಂಟಿನಲ್ಲಿ ಗಲಾಟೆಯಾಗಿ, 1900ರಲ್ಲಿ ಒಂದು ಸಮಿತಿ ಕೂತು, ಇನ್ನು ಮುಂದೆ ಈ ಬಾಯ್ಲರ್ ಬೇಡ ಅಂದಿತು. ಅಷ್ಟರಲ್ಲಿ ನಮ್ಮ ಅಕ್ಕತಂಗಿಯರ ಹೊಟ್ಟೆಯಲ್ಲಿ ಅವು ಆಗಲೇ ಕೂತಿದ್ದವು. ಪ್ರಾಜೆಕ್ಟ್ ಅರ್ಧ ಮುಗಿದ ಮೇಲೆ ಆ ಟೆಕ್ನಾಲಜಿ ಬೇಡ ಅನ್ನೋ ಕಮಿಟಿಗಳು ಆವಾಗಲೂ ಇದ್ದವು.

ಹೆಸರುಗಳನ್ನೂ ನೋಡಿ. ಕ್ರೆಸ್ಸಿ 1346ರಲ್ಲಿ ಇಂಗ್ಲಿಷರು ಫ್ರೆಂಚರನ್ನು ಸೋಲಿಸಿದ ಯುದ್ಧ. ಹೋಗ್ 1692ರದ್ದು, ಸೋತವರು ಮತ್ತೆ ಫ್ರೆಂಚರು. ಅಬುಕೀರ್ 1798ರಲ್ಲಿ ಈಜಿಪ್ಟಿನ ತೀರದಲ್ಲಿ ನೆಲ್ಸನ್ ಗೆದ್ದದ್ದು, ಎದುರಾಳಿ ಫ್ರೆಂಚರೇ. ಸಟ್ಲೆಜ್ ಅಂದ್ರೆ ನಮ್ಮ ಪಂಜಾಬಿನ ಸತ್ಲಜ್ ನದಿ. ಅದರ ದಡದಲ್ಲಿ 1846ರಲ್ಲಿ ಬ್ರಿಟಿಷರು ಸಿಖ್ಖರನ್ನು ಸೋಲಿಸಿದರು, ಆ ನೆನಪಿಗೆ. ಹೆಸರಿಡುವಾಗಲೂ ಕಣ್ಣು ಹಿಂದಕ್ಕೆ ನೆಟ್ಟಿತ್ತು, ಹಳೆಯ ಗೆಲುವುಗಳ ಕಡೆಗೆ, ಹಳೆಯ ಶತ್ರುವಿನ ಕಡೆಗೆ.

ಶತ್ರು ಮಾತ್ರ ಬೇರೆ ಕಡೆಯಿಂದ ಬರುತ್ತಿತ್ತು. ನನ್ನನ್ನು ತುಂಬಾ ಕಾಡಿದ ವಿಷಯ ಇದು. ಇಂಗ್ಲೆಂಡಿನ ವಾಯವ್ಯ ತೀರದಲ್ಲಿ ಬ್ಯಾರೋ ಅಂತ ಒಂದು ಊರು, ಅಲ್ಲಿ ವಿಕರ್ಸ್ ಕಂಪನಿಯ ಹಡಗುಕಟ್ಟೆ. ಹೋಗ್ ಹುಟ್ಟಿದ್ದು ಅಲ್ಲೇ, 1900ರ ಆಗಸ್ಟಿನಲ್ಲಿ ನೀರಿಗಿಳಿಯಿತು. ಯೂರಿಯಾಲಸ್ ಕೂಡ ಅಲ್ಲೇ, 1901ರ ಮೇ ತಿಂಗಳಲ್ಲಿ. ಅದೇ ವರ್ಷ ಅಕ್ಟೋಬರ್ 2ರಂದು ಅದೇ ಕಟ್ಟೆಯಿಂದ ಪುಟ್ಟದೊಂದು ಹಡಗು ಸದ್ದಿಲ್ಲದೆ ನೀರಿಗಿಳಿಯಿತು. ಹೆಸರು ಹಾಲೆಂಡ್ 1. ಬ್ರಿಟಿಷ್ ನೌಕಾಪಡೆಯ ಮೊಟ್ಟಮೊದಲ ಸಬ್‌ಮರೀನ್. ಹೋಗ್ ಆಗಿನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ, ಒಳಗಿನ ಕೆಲಸ ನಡೀತಾ ಇತ್ತು. ಅವಳನ್ನು ಮುಂದೊಂದು ದಿನ ಕೊಲ್ಲಲಿದ್ದ ಜಾತಿಯ ಯಂತ್ರ ಅವಳ ತವರುಮನೆಯಲ್ಲೇ, ಅವಳ ಕಣ್ಣೆದುರೇ ಹುಟ್ಟಿತು. ಕೆಲಸಗಾರರು ಬಹುಶಃ ಮಧ್ಯಾಹ್ನದ ಊಟಕ್ಕೆ ಕೂತಾಗ ಎರಡನ್ನೂ ಒಟ್ಟಿಗೇ ನೋಡಿರಬೇಕು.

ವಿಕ್ಟೋರಿಯಾ ರಾಣಿ 1901ರ ಜನವರಿಯಲ್ಲಿ ತೀರಿಕೊಂಡಾಗ ಈ ಆರರಲ್ಲಿ ಇಬ್ಬರು ಇನ್ನೂ ನೀರಿಗೇ ಇಳಿದಿರಲಿಲ್ಲ. ಆರೂ ಜನ ಸಿದ್ಧವಾಗುವ ಹೊತ್ತಿಗೆ 1904 ಬಂತು. ಎರಡೇ ವರ್ಷಕ್ಕೆ, 1906ರಲ್ಲಿ, ಡ್ರೆಡ್‌ನಾಟ್ ಅನ್ನೋ ಹೊಸ ಯುದ್ಧನೌಕೆ ಬಂದು ಹಳೆಯ ಲೆಕ್ಕವೆಲ್ಲ ತಲೆಕೆಳಗಾಯಿತು. ಹಳೆಯ ಪಿಸ್ಟನ್ ಎಂಜಿನ್ ಬದಲು ಟರ್ಬೈನ್. 1908ರಲ್ಲಿ ಇನ್ವಿನ್ಸಿಬಲ್ ಕ್ಲಾಸ್ ಬಂತು. ವೇಗ 25 ನಾಟ್, ಹನ್ನೆರಡು ಇಂಚಿನ ಫಿರಂಗಿ ಎಂಟು. ಕ್ರೆಸ್ಸಿಗಳು ಹೊಡೆದಾಡಲೂ ಆಗದವು, ಓಡಿ ತಪ್ಪಿಸಿಕೊಳ್ಳಲೂ ಆಗದವು ಅನ್ನಿಸಿಕೊಂಡವು. ಫ್ರಾನ್ಸಂತೂ ಅಷ್ಟರಲ್ಲಿ ಬ್ರಿಟನ್ನಿಗೆ ಸ್ನೇಹಿತನೇ ಆಗಿಬಿಟ್ಟಿತ್ತು! ಯಾರ ಭಯಕ್ಕೆ ಹುಟ್ಟಿದರೋ ಆ ಭಯವೇ ಇರಲಿಲ್ಲ. ಹತ್ತು ವರ್ಷ ತುಂಬುವ ಮೊದಲೇ ಮುದುಕಿಯರಾಗಿ ಮೀಸಲು ಪಡೆಗೆ ಸೇರಿದರು. ಬಂದರಿನಲ್ಲಿ ನಾಲ್ಕು ಜನ ಕಾವಲಿನವರನ್ನಿಟ್ಟು ಕಟ್ಟಿಹಾಕೋದು, ಅಷ್ಟೇ.

ಇಷ್ಟರವರೆಗೆ ದುಃಖಪಡುವಂಥದ್ದೇನೂ ಇಲ್ಲ. ಎಲ್ಲ ಯಂತ್ರಗಳ ಹಣೆಬರಹವೂ ಇದೇ. ಗುಜರಿಗೆ ಹಾಕಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಜರ್ಮನ್ನರು ಇಂಗ್ಲಿಷ್ ಕಾಲುವೆಯ ಪೂರ್ವದ ಬಾಗಿಲಿಗೆ ಬರದ ಹಾಗೆ ಕಾಯಬೇಕು. ಸೈನ್ಯ ಫ್ರಾನ್ಸಿಗೆ ದಾಟುತ್ತಿತ್ತು. ಹಾಲೆಂಡಿನ ತೀರದಾಚೆ ಬ್ರಾಡ್ ಫೋರ್ಟೀನ್ಸ್ ಅಂತ ಒಂದು ಜಾಗ ಇದೆ. ಅಲ್ಲಿ ನೀರಿನ ಆಳ ಎಲ್ಲ ಕಡೆ ಹೆಚ್ಚುಕಡಿಮೆ ಹದಿನಾಲ್ಕು ಫ್ಯಾದಮ್, ಅಂದ್ರೆ ಸುಮಾರು 26 ಮೀಟರ್. ಹೆಸರು ಬಂದಿದ್ದೇ ಹಾಗೆ. ಅಲ್ಲಿ ಸಣ್ಣ ಡಿಸ್ಟ್ರಾಯರ್‌ಗಳು ಗಸ್ತು ತಿರುಗುತ್ತಿದ್ದವು, ಅವುಗಳ ಬೆನ್ನಿಗೆ ಒಂದು ದೊಡ್ಡ ಹಡಗು ಬೇಕಿತ್ತು. ಹೊಸವೆಲ್ಲ ಉತ್ತರದಲ್ಲಿ ಮುಖ್ಯ ಪಡೆಯ ಜೊತೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಈ ಕೆಲಸ ಕ್ರೆಸ್ಸಿ ಅಕ್ಕತಂಗಿಯರ ಕೊರಳಿಗೆ ಬಿತ್ತು.

ಹಡಗು ತುಂಬೋಕೆ ಜನ ಬೇಕಲ್ಲ? ನೌಕಾಪಡೆ ಬಿಟ್ಟು ಹೋಗಿ ಬೇರೆ ಬೇರೆ ಉದ್ಯೋಗ ಹಿಡಿದು, ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿದ್ದ ಮೀಸಲು ಪಡೆಯವರನ್ನು ವಾಪಸ್ ಕರೆಸಿದರು. ಚಾಥಮ್ ಬಂದರಿನ ಸುತ್ತಮುತ್ತಲ ಊರುಗಳಿಂದ ಬಂದವರು ಬಹಳ ಜನ. ಅವರ ಜೊತೆ ಡಾರ್ಟ್‌ಮತ್‌ನ ನೌಕಾ ಕಾಲೇಜಿನ ಹುಡುಗರು. ಹದಿನೈದು ವರ್ಷದವರೂ ಇದ್ದರು! ನಮ್ಮಲ್ಲಿ ಹತ್ತನೇ ಕ್ಲಾಸ್ ಓದೋ ವಯಸ್ಸು. ಕಡೆಗೆ ಹಡಗಿನೊಳಗೆ ಸೇರಿದ್ದು ಮನೆ ಮಠ ಇದ್ದ ಗಂಡಸರು ಮತ್ತು ಮೀಸೆ ಮೂಡದ ಮಕ್ಕಳು.

ಅಪಾಯ ಯಾರಿಗೂ ಗೊತ್ತಿರಲಿಲ್ವಾ? ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಇಡೀ ಕಥೆಯಲ್ಲಿ ನನ್ನನ್ನು ಕೂರಲು ಬಿಡದ ಮಾತು ಇದೇ.

ಬ್ರಿಟಿಷ್ ಸಬ್‌ಮರೀನ್ ಪಡೆಯ ಮುಖ್ಯಸ್ಥ ರೋಜರ್ ಕೀಸ್. ಸಬ್‌ಮರೀನ್ ಏನು ಮಾಡಬಲ್ಲದು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆಗಸ್ಟ್ ತಿಂಗಳಲ್ಲೇ ಅವರು ಪತ್ರ ಬರೆದು, ದಯವಿಟ್ಟು ಈ ಹಳೆಯ ಹಡಗುಗಳನ್ನು ಅಲ್ಲಿಂದ ತೆಗೆಯಿರಿ ಅಂತ ಹೆಚ್ಚುಕಡಿಮೆ ಗೋಗರೆದಿದ್ದರು. ಸೆಪ್ಟೆಂಬರ್ 5ರಂದು ಪಾತ್‌ಫೈಂಡರ್ ಅನ್ನೋ ಬ್ರಿಟಿಷ್ ಕ್ರೂಸರ್ ಅನ್ನು ಜರ್ಮನಿಯ ಯು-21 ಸಬ್‌ಮರೀನ್ ಮುಳುಗಿಸಿತು. ಅಂದ್ರೆ ಅದು ಬರೀ ಊಹೆಯ ಅಪಾಯವೂ ಆಗಿರಲಿಲ್ಲ. ಮುಖ್ಯ ಪಡೆಯ ನಾವಿಕರ ಬಾಯಲ್ಲಿ ಈ ಅಕ್ಕತಂಗಿಯರಿಗೆ ಒಂದು ಅಡ್ಡಹೆಸರೇ ಬಿದ್ದಿತ್ತು. ಲೈವ್ ಬೇಟ್ ಸ್ಕ್ವಾಡ್ರನ್. ಗಾಳಕ್ಕೆ ಚುಚ್ಚಿದ ಜೀವಂತ ಹುಳುಗಳ ದಳ.

ಸೆಪ್ಟೆಂಬರ್ 17ರಂದು ನೌಕಾ ಸಚಿವ ಚರ್ಚಿಲ್ ಸ್ಕಾಟ್ಲೆಂಡಿನ ಲಾಕ್ ಯೂ ಎಂಬಲ್ಲಿ ಮುಖ್ಯ ಪಡೆಯವರ ಜೊತೆ ಸಭೆಗೆ ಹೋದರು. ಆಗ ಅವರಿಗೆ 39 ವರ್ಷ. ಈ ಅಡ್ಡಹೆಸರು ಅವರ ಕಿವಿಗೆ ಬಿತ್ತು. ಏನದು ಅಂತ ವಿಚಾರಿಸಿದರು. ಮರುದಿನವೇ, ಅಂದ್ರೆ 18ರಂದು, ಒಂದು ಟಿಪ್ಪಣಿ ಬರೆದರು. ಈ ಹಡಗುಗಳು ಅಲ್ಲಿ ಇರಬಾರದು, ಇವುಗಳಿಂದ ಆಗುವ ಪ್ರಯೋಜನಕ್ಕೆ ಹೋಲಿಸಿದರೆ ಅಪಾಯ ದೊಡ್ಡದು, ಪಶ್ಚಿಮದ ಕಡೆ ಬೇರೆ ಕೆಲಸಕ್ಕೆ ಹಾಕಿ ಅಂತ. ನೌಕಾಪಡೆಯ ಮುಖ್ಯ ಅಡ್ಮಿರಲ್ ಬ್ಯಾಟನ್‌ಬರ್ಗ್ ಒಪ್ಪಿದರು. ಕೆಲಸ ಮುಗಿಯಿತಲ್ವಾ?

ಇಲ್ಲ. ಯುದ್ಧ ಯೋಜನೆಯ ಮುಖ್ಯಸ್ಥ ಅಡ್ಮಿರಲ್ ಸ್ಟರ್ಡಿ ಇನ್ನೊಂದು ಮಾತು ಹೇಳಿದರು. ಹೊಸ ಅರೆತೂಸಾ ಕ್ಲಾಸಿನ ಹಡಗುಗಳು ಬರೋವರೆಗೆ ಏನೂ ಇಲ್ಲದಿರೋದಕ್ಕಿಂತ ಇವಾದರೂ ಇರಲಿ ಅಂತ. ಆ ಮಾತಿನಲ್ಲೂ ಹುರುಳಿತ್ತು ಅಂತ ಆಗ ಅನ್ನಿಸಿರಬೇಕು. ಹವಾಮಾನ ಬೇರೆ ಕೆಟ್ಟಿತ್ತು, ಬಿರುಗಾಳಿಗೆ ಡಿಸ್ಟ್ರಾಯರ್‌ಗಳು ತಾಳಲಾರದೆ ಹಾರ್ವಿಚ್ ಬಂದರಿಗೆ ಮರಳಿದ್ದವು. 19ರಂದು ತಂತಿ ಹೋಯಿತು, ಕ್ರೂಸರ್‌ಗಳೇ ಬ್ರಾಡ್ ಫೋರ್ಟೀನ್ಸ್ ಕಾಯಲಿ ಅಂತ. ಅದಕ್ಕೂ ಬ್ಯಾಟನ್‌ಬರ್ಗ್ ಒಪ್ಪಿದರು. ಇಷ್ಟು ಒರಟು ಸಮುದ್ರದಲ್ಲಿ ಸಬ್‌ಮರೀನ್ ಕೂಡ ಏನೂ ಮಾಡಲಾರದು ಅನ್ನೋ ನಂಬಿಕೆ ಎಲ್ಲರಿಗೂ ಇತ್ತು.

ಈ ಭಾಗ ಓದುವಾಗ ನನ್ನ ಆಫೀಸಿನ ಎಕ್ಸೆಲ್ ಶೀಟೊಂದು ಕಣ್ಮುಂದೆ ಬರುತ್ತೆ. ಎಲ್ಲ ಪ್ರಾಜೆಕ್ಟಲ್ಲೂ ಇರುತ್ತಲ್ಲ, ರಿಸ್ಕ್ ರಿಜಿಸ್ಟರ್ ಅಂತ. ಯಾವ್ಯಾವ ಅಪಾಯ ಇದೆ, ಯಾರ ಜವಾಬ್ದಾರಿ, ಯಾವ ದಿನದೊಳಗೆ ಸರಿಮಾಡಬೇಕು. ಅದರಲ್ಲಿ ಒಂದು ಸಾಲು ನಾನು ಸೇರಿದಾಗಿನಿಂದ ಇದೆ. ಹಳೆಯ ಸರ್ವರ್ ಒಂದನ್ನು ನಿವೃತ್ತಿ ಮಾಡಬೇಕು ಅನ್ನೋ ಸಾಲು. ಬಣ್ಣ ಕೆಂಪು. ಪ್ರತಿ ಮೂರು ತಿಂಗಳಿಗೊಮ್ಮೆ ಸಭೆಯಲ್ಲಿ ಆ ಸಾಲು ಓದ್ತೀವಿ. ಯಾರೂ ಬೇಡ ಅನ್ನಲ್ಲ. ಎಲ್ಲರೂ ತಲೆಯಾಡಿಸ್ತಾರೆ. ಹೊಸದು ಬರಲಿ, ಅಲ್ಲಿವರೆಗೆ ಇದೇ ಇರಲಿ ಅಂತ ತೀರ್ಮಾನ ಆಗುತ್ತೆ, ದಿನಾಂಕದ ಕಾಲಂ ಮುಂದಿನ ಕ್ವಾರ್ಟರ್‌ಗೆ ಜಾರುತ್ತೆ. ಆ ಸಾಲು ಬರೆದಿದ್ದೇವೆ ಅನ್ನೋದೇ ಒಂದು ಸಮಾಧಾನ. ಸರ್ವರ್ ಕೆಟ್ಟರೆ ನಮ್ಮಲ್ಲಿ ಯಾರೂ ಸಾಯಲ್ಲ, ಆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಆದರೆ ಅಡ್ಮಿರಲ್‌ಗಳ ಆ ನಾಲ್ಕು ದಿನದ ಕಾಗದಗಳನ್ನು ಓದಿದರೆ, ಆ ಸಭೆಯ ದನಿ ನನಗೆ ಕನ್ನಡದಲ್ಲೇ ಕೇಳಿಸುತ್ತದೆ. "ಹೌದು ಸರ್, ಕರೆಕ್ಟ್. ನೋಡೋಣ."

ಸೆಪ್ಟೆಂಬರ್ 20ರಂದು ಯೂರಿಯಾಲಸ್ ಕಲ್ಲಿದ್ದಲು ತುಂಬಿಸಿಕೊಳ್ಳಲು, ವೈರ್‌ಲೆಸ್ ಸರಿಮಾಡಿಸಲು ಬಂದರಿಗೆ ಹೋಯಿತು. ದಳದ ಅಡ್ಮಿರಲ್ ಕ್ರಿಶ್ಚಿಯನ್ ಇದ್ದದ್ದು ಅದರಲ್ಲೇ. ಬಕ್ಕಾಂಟಿಯೂ ಅಲ್ಲಿರಲಿಲ್ಲ. ಉಳಿದವರು ಅಬುಕೀರ್, ಹೋಗ್, ಕ್ರೆಸ್ಸಿ. ಅಬುಕೀರ್‌ನ ಕ್ಯಾಪ್ಟನ್ ಡ್ರಮಂಡ್ ಮೂರಕ್ಕೂ ಹಿರಿಯರು.

21ರ ರಾತ್ರಿ ಗಾಳಿ ತಗ್ಗಿತು. 22ರ ಬೆಳಿಗ್ಗೆ ಮೂರೂ ಹಡಗುಗಳು ಎರಡೆರಡು ಮೈಲಿ ಅಂತರದಲ್ಲಿ ಹತ್ತು ನಾಟ್ ವೇಗದಲ್ಲಿ ನೇರವಾಗಿ ಸಾಗುತ್ತಿದ್ದವು. ಸಬ್‌ಮರೀನ್ ಗುರಿಯಿಡಲು ಆಗದಂತೆ ಅಂಕುಡೊಂಕಾಗಿ ಹೋಗಬೇಕು ಅನ್ನೋ ಸೂಚನೆ ಇತ್ತು, ಆದರೆ ಈ ದಳದಲ್ಲಿ ಅದನ್ನು ಪಾಲಿಸುತ್ತಿರಲಿಲ್ಲ. ಅಲ್ಲೇ ನೀರಿನಡಿ ಯು-9 ಇತ್ತು. ಸುಮಾರು 500 ಟನ್ನಿನ, ಸೀಮೆಎಣ್ಣೆ ಎಂಜಿನ್ನಿನ ಜರ್ಮನ್ ಸಬ್‌ಮರೀನ್. ಒಳಗೆ ಮೂವತ್ತಕ್ಕೂ ಕಡಿಮೆ ಜನ. ಕಮಾಂಡರ್ ಓಟೊ ವೆಡಿಗನ್. ಕೈಯಲ್ಲಿದ್ದದ್ದು ಆರು ಟಾರ್ಪಿಡೊ. ಬಿರುಗಾಳಿ ಕಳೆಯಲಿ ಅಂತ ಅವರೂ ನೀರಿನಡಿ ಕಾಯುತ್ತಿದ್ದರು.

6 ಗಂಟೆ 20 ನಿಮಿಷಕ್ಕೆ ಮೊದಲ ಟಾರ್ಪಿಡೊ ಅಬುಕೀರ್‌ಗೆ ಬಡಿಯಿತು. ಈ ಹಡಗುಗಳ ಒಳಗೆ ಉದ್ದುದ್ದಕ್ಕೆ ಗೋಡೆಗಳು, ಆ ಗೋಡೆಯಾಚೆ ಕಲ್ಲಿದ್ದಲ ಕೋಣೆಗಳು. ಫಿರಂಗಿ ಗುಂಡು ತಡೆಯೋಕೆ ಅದು ಒಳ್ಳೆಯ ಉಪಾಯವೇ. ಆದರೆ ನೀರಿನಡಿಯಲ್ಲಿ ತೂತು ಬಿದ್ದರೆ ಒಂದೇ ಪಕ್ಕ ತುಂಬಿಕೊಂಡು ಹಡಗು ವಾಲುತ್ತದೆ. ಆರಿಂಚಿನ ಕ್ರುಪ್ ಉಕ್ಕು ಇದ್ದದ್ದು ಮೇಲೆ, ಏಟು ಬಿದ್ದದ್ದು ಅದರ ಕೆಳಗೆ. ಡ್ರಮಂಡ್ ಅದು ಸಮುದ್ರದಲ್ಲಿ ಹುದುಗಿಸಿಟ್ಟ ಮೈನ್ ಅಂದುಕೊಂಡು, ಸಹಾಯಕ್ಕೆ ಬನ್ನಿ ಅಂತ ತಂಗಿಯರಿಬ್ಬರಿಗೂ ಸಂಕೇತ ಕೊಟ್ಟರು. ಇದು ಸಬ್‌ಮರೀನ್ ಅಂತ ಹೊಳೆಯುವಷ್ಟರಲ್ಲಿ ತಡವಾಗಿತ್ತು.

ಹೋಗ್‌ನ ಕ್ಯಾಪ್ಟನ್ ನಿಕೋಲ್ಸನ್‌ಗೆ ಅನುಮಾನ ಬಂದಿತ್ತು. ಪೆರಿಸ್ಕೋಪ್ ಕಾಣುತ್ತಾ ನೋಡಿ ಅಂತ ಕ್ರೆಸ್ಸಿಗೆ ಸಂದೇಶವನ್ನೂ ಕಳಿಸಿದರು. ಆದರೂ ಹಡಗು ನಿಲ್ಲಿಸಿದರು. ಎದುರಿಗೆ ನೀರಲ್ಲಿ ನೂರಾರು ತಲೆಗಳು. ದೋಣಿ ಇಳಿಸಿದರು, ತೇಲುವಂಥ ಮರ, ಮೇಜು ಏನು ಸಿಕ್ಕಿತೋ ಅದನ್ನೆಲ್ಲ ನೀರಿಗೆಸೆದರು. 6 ಗಂಟೆ 55 ನಿಮಿಷಕ್ಕೆ ಅಬುಕೀರ್ ಮಗುಚಿ ಮುಳುಗುತ್ತಿದ್ದಾಗಲೇ ಹೋಗ್‌ಗೆ ಎರಡು ಟಾರ್ಪಿಡೊ ಬಡಿದವು. ಇಪ್ಪತ್ತು ನಿಮಿಷಕ್ಕೆ ಅವಳೂ ಹೋದಳು.

ಉಳಿದವಳು ಕ್ರೆಸ್ಸಿ. ಈಗಂತೂ ಯಾರಿಗೂ ಅನುಮಾನ ಇರಲಿಲ್ಲ. ಕ್ಯಾಪ್ಟನ್ ಜಾನ್ಸನ್ ಸಬ್‌ಮರೀನ್ ಇದೆ ಅನ್ನಿಸಿದ ಕಡೆ ಹಡಗು ನುಗ್ಗಿಸಿ ನೋಡಿದರು, ಏನೂ ಸಿಗಲಿಲ್ಲ. ಆಮೇಲೆ ಅವರೇನು ಮಾಡಬಹುದಿತ್ತು? ಪೂರ್ತಿ ವೇಗದಲ್ಲಿ ಓಡಿಹೋಗಬಹುದಿತ್ತು. ಅವರು ಮತ್ತೆ ತಿರುಗಿ ಬಂದು ಜನರನ್ನು ಎತ್ತಿಕೊಳ್ಳತೊಡಗಿದರು. 7 ಗಂಟೆ 20 ನಿಮಿಷಕ್ಕೆ ಒಂದು ಟಾರ್ಪಿಡೊ, ಹತ್ತು ನಿಮಿಷ ಬಿಟ್ಟು ವೆಡಿಗನ್‌ನ ಹತ್ತಿರ ಉಳಿದಿದ್ದ ಕೊನೆಯದ್ದು. 7 ಗಂಟೆ 55 ನಿಮಿಷಕ್ಕೆ ಕ್ರೆಸ್ಸಿಯೂ ಮುಳುಗಿತು. ಜಾನ್ಸನ್ ಬದುಕಲಿಲ್ಲ.

ಮೊದಲ ಏಟಿನಿಂದ ಲೆಕ್ಕ ಹಾಕಿದರೆ 95 ನಿಮಿಷ. ಸತ್ತವರು 1,459 ಜನ. ನೆಲ್ಸನ್‌ನ ಟ್ರಫಾಲ್ಗರ್ ಯುದ್ಧದಲ್ಲಿ ಸತ್ತ ಬ್ರಿಟಿಷರು ಸುಮಾರು 450. ಆ ಮೂರರಷ್ಟು ಜನ, ಒಂದು ಗುಂಡಿನ ವಿನಿಮಯವೂ ಸರಿಯಾಗಿ ನಡೆಯದೆ, ಬೆಳಗಿನ ತಿಂಡಿಯ ಹೊತ್ತಿಗೆ ಹೋಗಿಬಿಟ್ಟರು. ಬದುಕಿದವರು 837 ಜನ. ಅವರನ್ನು ನೀರಿನಿಂದ ಎತ್ತಿದವರಲ್ಲಿ ಫ್ಲೋರಾ, ಟೈಟನ್ ಅನ್ನೋ ಡಚ್ಚರ ಹಡಗುಗಳಿದ್ದವು, ಇಂಗ್ಲೆಂಡಿನ ಲೋವ್‌ಸ್ಟಾಫ್ಟ್ ಊರಿನ ಮೀನುಗಾರರ ದೋಣಿಗಳಿದ್ದವು. ಡಚ್ಚರಿಗೆ ಈ ಯುದ್ಧದಲ್ಲಿ ಪಾಲೇ ಇರಲಿಲ್ಲ. ಗಾಳಿ ತಗ್ಗಿತು ಅಂತ ಹಾರ್ವಿಚ್‌ನಿಂದ ಹೊರಟಿದ್ದ ಡಿಸ್ಟ್ರಾಯರ್‌ಗಳು ಅಲ್ಲಿಗೆ ಮುಟ್ಟುವಾಗ ಹತ್ತೂ ಮುಕ್ಕಾಲು.

ಬದುಕಿದವರಲ್ಲಿ ಕಿಟ್ ವೈಕಮ್-ಮಸ್‌ಗ್ರೇವ್ ಅಂತ ಹದಿನೈದರ ಹುಡುಗ ಒಬ್ಬ ಇದ್ದ. ಅಬುಕೀರ್‌ನಿಂದ ನೀರಿಗೆ ಹಾರಿ, ಈಜಿಕೊಂಡು ಹೋಗ್ ಹತ್ತಿರ ಹೋದ. ಇನ್ನೇನು ಹತ್ತಬೇಕು, ಅದಕ್ಕೂ ಟಾರ್ಪಿಡೊ ಬಿತ್ತು. ಅಲ್ಲಿಂದ ಕ್ರೆಸ್ಸಿಗೆ ಈಜಿದ. ಅದೂ ಮುಳುಗಿತು. ಕೊನೆಗೆ ತೇಲುತ್ತಿದ್ದ ಮರದ ತುಂಡೊಂದನ್ನು ಹಿಡಿದುಕೊಂಡು ಉಳಿದ. ಬೆಳಗ್ಗೆ ಮೂರು ಹಡಗು ಕಳೆದುಕೊಂಡ ಆ ಹುಡುಗ ತುಂಬು ವಯಸ್ಸಿನವರೆಗೆ ಬದುಕಿದ. ಅವನ ವಯಸ್ಸಿನ ಹಲವು ಹುಡುಗರು ಬದುಕಲಿಲ್ಲ.

ಆಮೇಲೆ ವಿಚಾರಣೆ ನಡೆಯಿತು, ನಡೆಯಲೇಬೇಕಲ್ಲ. ಅಂಕುಡೊಂಕಾಗಿ ಹೋಗಲಿಲ್ಲ, ಗಾಳಿ ತಗ್ಗಿದ ಮೇಲೂ ಡಿಸ್ಟ್ರಾಯರ್‌ಗಳನ್ನು ಕರೆಸಲಿಲ್ಲ ಅಂತ ಡ್ರಮಂಡ್ ಮೇಲೆ ಆಕ್ಷೇಪಣೆ ಬಂತು. ಅಡ್ಮಿರಲ್‌ಗಳಿಗೂ ಮಾತು ಬಿತ್ತು. ಇಂಥ ಗಸ್ತನ್ನು ನಡೆಸಿಕೊಂಡು ಬಂದ ನೌಕಾ ಇಲಾಖೆಯ ತಪ್ಪೂ ಇದೆ ಅಂತ ವಿಚಾರಣೆ ಹೇಳಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗಸ್ತು ನಿಂತಿತು. ಇನ್ನೊಂದು ಆಜ್ಞೆಯೂ ಹೊರಟಿತು. ಇನ್ನು ಮುಂದೆ ಒಂದು ಹಡಗಿಗೆ ಟಾರ್ಪಿಡೊ ಬಿದ್ದರೆ ಉಳಿದ ದೊಡ್ಡ ಹಡಗುಗಳು ನಿಲ್ಲಬಾರದು. ಮುಳುಗುವವರನ್ನು ಬಿಟ್ಟು ಮುಂದೆ ಹೋಗಬೇಕು.

ಈ ಆಜ್ಞೆ ಸರಿಯಾದದ್ದೇ. ಲೆಕ್ಕ ಹಾಕಿದರೆ ಯಾರೂ ಅಲ್ಲಗಳೆಯಲು ಆಗಲ್ಲ. ಹೋಗ್, ಕ್ರೆಸ್ಸಿ ನಿಲ್ಲದೆ ಹೋಗಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆದರೂ ನನಗೆ ಆ ವಾಕ್ಯ ಓದಿದಾಗ ಸಂಕಟ ಆಗುತ್ತದೆ. ವಾರಗಟ್ಟಲೆ ಗೊತ್ತಿದ್ದ ಅಪಾಯವನ್ನು ಮೇಜಿನ ಮೇಲೆ ಇಟ್ಟುಕೊಂಡವರು ಬೇರೆ. ಅದರ ಸಾಲ ತೀರಿಸಲು ಹೊಸ ನಿಯಮ ಬಂದು ಕೂತದ್ದು ನೀರಿನಲ್ಲಿದ್ದವರ ತಲೆಯ ಮೇಲೆ. ಕಣ್ಣೆದುರು ಗೆಳೆಯ ಮುಳುಗುತ್ತಿದ್ದರೆ ಕೈಚಾಚಬೇಡ ಅಂತ. ಮೇಲಿನವರು ಹೊತ್ತಿಗೆ ಸರಿಯಾಗಿ ಒಂದು ಕಷ್ಟದ ಕೆಲಸ ಮಾಡಲಿಲ್ಲ ಅಂದ್ರೆ, ಕೆಳಗಿನವರು ಅದಕ್ಕಿಂತ ಎಷ್ಟೋ ಕಷ್ಟದ ಕೆಲಸ ಮಾಡೋದನ್ನು ಕಲಿಯಬೇಕಾಗುತ್ತೆ.

ಸೆಪ್ಟೆಂಬರ್ 18ರ ಆ ಟಿಪ್ಪಣಿ ಏನಾಯ್ತು? ಮೂರು ಹಡಗು ಮುಳುಗಿದಾಗ ಜನ ಬೈದದ್ದು ಚರ್ಚಿಲ್‌ಗೆ. ಯುದ್ಧ ಮುಗಿದ ಮೇಲೆ ಅವರು ಬರೆದ 'ದಿ ವರ್ಲ್ಡ್ ಕ್ರೈಸಿಸ್' ಎಂಬ ಗ್ರಂಥದ 1923ರ ಸಂಪುಟದಲ್ಲಿ ಆ ಟಿಪ್ಪಣಿಯನ್ನು ಅಚ್ಚು ಹಾಕಿಸಿದರು. ನೋಡಿ, ನಾನು ಮೊದಲೇ ಹೇಳಿದ್ದೆ. ನಿಜ, ಹೇಳಿದ್ದರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಮೇಲ್ ಹೋಗಿತ್ತು, ಎಲ್ಲರೂ ಸಿಸಿಯಲ್ಲಿದ್ದರು. ಚರ್ಚಿಲ್ ಸುಳ್ಳು ಹೇಳಲಿಲ್ಲ, ಎಚ್ಚರಿಕೆ ಕೊಟ್ಟವರಲ್ಲಿ ಅವರೂ ಒಬ್ಬರು. ಆದರೆ ಆ ಟಿಪ್ಪಣಿ ಒಂದು ಹಡಗನ್ನೂ ತಿರುಗಿಸಲಿಲ್ಲ. ಕಡೆಗೆ ಅದರಿಂದ ಆದ ಉಪಕಾರ ಬರೆದವರ ಹೆಸರು ಉಳಿದದ್ದು ಮಾತ್ರ. 18ಕ್ಕೂ 22ಕ್ಕೂ ನಡುವೆ ಇದ್ದ ನಾಲ್ಕು ದಿನಗಳಲ್ಲಿ ಯಾರಾದರೊಬ್ಬರು ಎದ್ದು ಹೋಗಿ, ಅದು ಆಯ್ತಾ ಅಂತ ಕೇಳಿದ್ದರೆ ಸಾಕಿತ್ತು. ನಾನು ಓದಿದ ಕಾಗದಗಳಲ್ಲೆಲ್ಲೂ ಹಾಗೆ ಕೇಳಿದವರು ಕಾಣಲಿಲ್ಲ. ಅಂದಿನಿಂದ ನಮ್ಮ ಸಭೆಯಲ್ಲಿ ಆ ಕೆಂಪು ಸಾಲು ಬಂದಾಗ ನಾನು ತಲೆಯಾಡಿಸೋದು ಬಿಟ್ಟು, ಯಾವ ತಾರೀಕು, ಯಾರು, ಅಂತ ಕೇಳೋಕೆ ಶುರು ಮಾಡಿದ್ದೀನಿ. ಸಭೆ ಹತ್ತು ನಿಮಿಷ ಉದ್ದ ಆಗುತ್ತೆ. ಸಹೋದ್ಯೋಗಿಗಳಿಗೆ ಸ್ವಲ್ಪ ಬೇಜಾರೂ ಆಗಿದೆ.

ಉಳಿದ ಮೂವರ ಕಥೆ ಹೇಳಿಬಿಡ್ತೀನಿ. ಯೂರಿಯಾಲಸ್ ಮತ್ತು ಬಕ್ಕಾಂಟಿ ಮರುವರ್ಷ ಟರ್ಕಿಯ ಗಲಿಪೊಲಿಗೆ ಹೋದರು. 1915ರ ಏಪ್ರಿಲ್ 25ರಂದು ಲ್ಯಾಂಕಶೈರ್ ಫ್ಯೂಸಿಲಿಯರ್ಸ್ ಪಡೆಯವರು ಗುಂಡಿನ ಮಳೆಯ ನಡುವೆ ದಡಕ್ಕಿಳಿದದ್ದು ಯೂರಿಯಾಲಸ್‌ನಿಂದ ಹೊರಟ ದೋಣಿಗಳಲ್ಲಿ. ಆ ಒಂದು ಬೆಳಗಿಗೆ ಆರು ವಿಕ್ಟೋರಿಯಾ ಕ್ರಾಸ್ ಪದಕ ಸಿಕ್ಕವು. ಅದೇ ದಿನ ಬಕ್ಕಾಂಟಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸೈನಿಕರಿಗೆ ಬೆಂಬಲವಾಗಿ ದಡದ ತೀರಾ ಹತ್ತಿರ ಹೋಗಿ ಗಾಬಾ ಟೆಪೆಯ ಫಿರಂಗಿಗಳ ಮೇಲೆ ಗುಂಡು ಹಾರಿಸಿತು. ಹಳೆಯ ಹಡಗಿಗೂ ತಕ್ಕ ಕೆಲಸ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮುಂದೆ ಯೂರಿಯಾಲಸ್ ಈಸ್ಟ್ ಇಂಡೀಸ್ ಪಡೆಯ ಮುಖ್ಯ ಹಡಗಾಗಿ ನಮ್ಮ ಕಡೆಯ ಸಮುದ್ರಗಳಿಗೂ ಬಂತು. ಸತ್ಲಜ್ ಹೆಸರಿನವಳು ಅಟ್ಲಾಂಟಿಕ್‌ನಲ್ಲಿ ಬೆಂಗಾವಲು ಕೆಲಸ ಮಾಡಿ, ಕೊನೆಗೆ ಬಂದರಿನಲ್ಲಿ ನಾವಿಕರು ಉಳಿದುಕೊಳ್ಳುವ ಮನೆಯಾದಳು. 1920ರ ದಶಕದ ನಡುವಿನಷ್ಟರಲ್ಲಿ ಮೂವರೂ ಗುಜರಿಯಾದರು.

ವೆಡಿಗನ್ ಜರ್ಮನಿಯಲ್ಲಿ ಮನೆಮಾತಾದ. ಆರು ತಿಂಗಳೊಳಗೆ, 1915ರ ಮಾರ್ಚಿನಲ್ಲಿ, ಅವನಿದ್ದ ಯು-29ರ ಮೇಲೆ ಹಾಯ್ದು ಮುಳುಗಿಸಿದ್ದು ಯಾವ ಹಡಗು ಗೊತ್ತಾ? ಕ್ರೆಸ್ಸಿಗಳನ್ನು ಮುದುಕಿಯರನ್ನಾಗಿ ಮಾಡಿದ ಅದೇ ಡ್ರೆಡ್‌ನಾಟ್.

ಅಬುಕೀರ್, ಹೋಗ್, ಕ್ರೆಸ್ಸಿ ಮೂವರೂ ಬ್ರಾಡ್ ಫೋರ್ಟೀನ್ಸ್‌ನಲ್ಲಿ ಈಗಲೂ ಹತ್ತಿರ ಹತ್ತಿರವೇ ಮಲಗಿದ್ದಾರೆ. 1954ರಲ್ಲಿ ಬ್ರಿಟಿಷ್ ಸರ್ಕಾರ ಅವುಗಳ ಲೋಹ ಎತ್ತುವ ಹಕ್ಕನ್ನು ಜರ್ಮನ್ ಕಂಪನಿಯೊಂದಕ್ಕೆ ಮಾರಿತು. ಆಮೇಲಿನ ವರ್ಷಗಳಲ್ಲಿ ತಾಮ್ರ, ಹಿತ್ತಾಳೆಗಾಗಿ ಅವುಗಳನ್ನು ಕಿತ್ತವರಿದ್ದಾರೆ. ಅದೇ ಸಮುದ್ರಕ್ಕಿಳಿಯುವ ಡಚ್ ಡೈವರ್‌ಗಳು ಅದು ಸಮಾಧಿ, ಮುಟ್ಟಬೇಡಿ ಅಂತ ಗಲಾಟೆಯನ್ನೂ ಮಾಡಿದ್ದಾರೆ. ಚಾಥಮ್‌ನ ಗುಡ್ಡದ ಮೇಲೆ ಒಂದು ಎತ್ತರದ ಸ್ಮಾರಕ ಇದೆ. ದೇಹ ಸಿಗದ ನಾವಿಕರ ಹೆಸರುಗಳನ್ನು ಅಲ್ಲಿ ವರ್ಷವಾರು ಕೆತ್ತಿದ್ದಾರೆ. 1914ರ ಫಲಕಗಳಲ್ಲಿ ಆ ಊರಿನ ಸುತ್ತಮುತ್ತಲಿನ ಗಂಡಸರ ಹೆಸರು ಸಾಲುಸಾಲಾಗಿ ಇವೆ.